ಜೋಳಿಗೆಗೆ ಬಿದ್ದ ಮಾತು

ಟಿಂಗ್.

ಅಷ್ಟೇ ಸದ್ದು. ದಿಂಬಿನ ಪಕ್ಕದಲ್ಲಿದ್ದ ಮೊಬೈಲು ಒಮ್ಮೆ ಬೆಳಗಿ ಆರಿತು. ರಾತ್ರಿ ಸರಿಯಾಗಿ ಹನ್ನೆರಡು. ಆಚೆ ಮಂಚದಲ್ಲಿ ಅವ್ವ ಶಾರದವ್ವ ಮಗ್ಗಲು ಬದಲಿಸಿದಳು. ಮಹಾನಂದಾ ಉಸಿರು ಹಿಡಿದು, ಪರದೆಯ ಬೆಳಕನ್ನು ಅಂಗೈಯಿಂದ ಮರೆಮಾಡಿ ಓದಿದಳು.

'ನಿಮ್ಮ ಬ್ಲಾಗಿನಿಂದ ಒಂದು ಹೊಸ ಬರಹ ಜೋಳಿಗೆಗೆ ಬಂದಿದೆ. ಶರಣು.'

ಹೊಸ ಬರಹವೇ? ಅವಳು ಏನನ್ನೂ ಪ್ರಕಟಿಸಿರಲಿಲ್ಲ. ಮಲಗುವ ಮೊದಲು ಹತ್ತು ಸಾಲು ಬರೆದು ಕರಡಿನಲ್ಲಿ ಉಳಿಸಿದ್ದಳು. ಬ್ಲಾಗಿನ ಒಳಗೆ ಅಂಥ ಕರಡುಗಳು ಇಪ್ಪತ್ತಾರು ಇದ್ದವು. ಯಾರೂ ಓದಬಾರದ ಮಾತನ್ನು ಇಡಲು ಅವಳಿಗೆ ಬೇರೆ ಜಾಗವಿರಲಿಲ್ಲ.

ಬ್ಲಾಗು ತೆರೆದಳು. 'ಉಳಿಸು', 'ಪ್ರಕಟಿಸು'. ಎರಡು ಗುಂಡಿಗಳೂ ಅಕ್ಕಪಕ್ಕ. ಬೆರಳು ತಪ್ಪಿತ್ತು.

ಅಳಿಸಿದಳು. ಅಳಿಸಿ, ಎದೆ ಸ್ವಲ್ಪ ಹಗುರಾದ ಮೇಲೆ, ಇನ್ನೊಂದು ಸಂಗತಿ ನೆನಪಾಗಿ ಎದ್ದು ಕೂತಳು. ಬ್ಲಾಗಿನಿಂದ ಅಳಿಸಿದರೆ ಜೋಳಿಗೆಯಿಂದ ಹೋಗುವುದಿಲ್ಲ.

ಜೋಳಿಗೆ ಎಂಬುದು ಅಣ್ಣಿಗೇರಿಯ ಕಾಲೇಜು ಗ್ರಂಥಪಾಲಕ ಹುಲಿಗೇಶ ಕಟ್ಟಿದ ಹುಡುಕಾಟದ ಸಾಧನ. ಗ್ರಂಥಪಾಲಕರಿಗಾಗಿ, ಪೂರ್ತಿ ಉಚಿತ. ಹಳ್ಳಿ, ತಾಲ್ಲೂಕುಗಳ ವಾಚನಾಲಯದವರು, ಶಾಲೆ ಕಾಲೇಜಿನವರು ತಮ್ಮ ಕೆಲಸದ ಬಗ್ಗೆ ಬರೆಯುವ ಇನ್ನೂರು ಚಿಲ್ಲರೆ ಬ್ಲಾಗುಗಳು ಅದರಲ್ಲಿದ್ದವು. ಪ್ರತಿ ಬ್ಲಾಗಿಗೂ ಫೀಡ್ ಅಂತ ಒಂದಿರುತ್ತದೆ. ಹೊಸದಾಗಿ ಬರೆದದ್ದನ್ನು ತಾನೇ ಹೊರಗೆ ತಂದಿಡುವ ಹೊಸ್ತಿಲು ಅದು. ಜೋಳಿಗೆ ತಾಸಿಗೊಮ್ಮೆ ಆ ಹೊಸ್ತಿಲುಗಳ ಮುಂದೆಲ್ಲ ನಿಂತು, ಇಟ್ಟದ್ದನ್ನು ಹಾಕಿಸಿಕೊಂಡು ಮುಂದಿನ ಮನೆಗೆ ಹೋಗುತ್ತದೆ. ಹರಿದ ಪುಸ್ತಕಕ್ಕೆ ಯಾವ ಅಂಟು ಎಂದೋ, ಓದುಗರೇ ಬರದ ಊರಿನಲ್ಲಿ ಏನು ಮಾಡಬೇಕು ಎಂದೋ ಯಾರಾದರೂ ಒಂದು ಪದ ಟೈಪು ಮಾಡಿದರೆ, ಆ ಇನ್ನೂರು ಮನೆಯಲ್ಲಿ ಎಲ್ಲಿದ್ದರೂ ತೆಗೆದುಕೊಡುತ್ತದೆ.

"ಕೊಟ್ಟದ್ದನ್ನ ವಾಪಸ್ ತಗೋಬೇಕಂದ್ರ?" ಎಂದು ಕುಂದಗೋಳದ ಗ್ರಂಥಪಾಲಕರ ತರಬೇತಿಯಲ್ಲಿ ಯಾರೋ ಕೇಳಿದ್ದರು.

"ಜೋಳಿಗಿಗೆ ಹಾಕಿದ ಕಾಳು ಯಾರರ ವಾಪಸ್ ಕೇಳ್ತಾರೇನ್ರಿ?" ಎಂದು ಹುಲಿಗೇಶ ನಗಿಸಿದ್ದ. ಆಗ ಮಹಾನಂದಾ ಕೂಡ ನಕ್ಕಿದ್ದಳು.

ಈಗ ಜೋಳಿಗೆಯಲ್ಲಿ 'ಅಣ್ಣಿಗೇರಿ' ಎಂದು ಟೈಪು ಮಾಡಿದಳು. ಮೊದಲನೆಯದಾಗಿ ಅವಳ ಬರಹವೇ ಬಂತು, ಇಡಿಯಾಗಿ.

'ಎರಡನೆಯ ಶನಿವಾರ. ಅವನು ಬಂದಿದ್ದ. ಪುಸ್ತಕ ಮುಟ್ಟುವ ಮೊದಲು ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತಾನೆ, ಕೀಬೋರ್ಡ್ ಮುಟ್ಟುವ ಮೊದಲು ಒರೆಸಿಕೊಳ್ಳುವುದಿಲ್ಲ. ನನ್ನ ಪೆನ್ನು ಜೇಬಿಗೆ ಹಾಕಿಕೊಂಡು ಹೋದ. ಅವನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಹುಲಿಗೇಶ ಎಂದು ಒಮ್ಮೆ ಜೋರಾಗಿ ಕರೆಯಬೇಕು. ಅದಕ್ಕೆ ಯಾರೂ ಇಲ್ಲದ ಒಂದು ಕೋಣೆ ಬೇಕು. ನನಗಿರುವುದು ಈ ವಾಚನಾಲಯ ಒಂದೇ, ಇಲ್ಲಿ "ಮೌನವಾಗಿರಿ" ಎಂಬ ಹಲಗೆ ತೂಗುಹಾಕಿದವಳು ನಾನೇ.'

ಕೆಳಗೆ, ಅವಳೇ ಕೈಯಾರೆ ಕೊಟ್ಟ ವಿಷಯಪದಗಳು: 'ಫೀಡ್ ಶೋಧ, ಉಚಿತ ಸಾಧನಗಳು, ಗ್ರಂಥಪಾಲಕರು, ಅಣ್ಣಿಗೇರಿ, ಮೌನ.'

ವಿಷಯಪದ ಕೊಡದೆ ಅವಳು ಈವರೆಗೆ ಏನನ್ನೂ ಬಿಟ್ಟವಳಲ್ಲ. ಯಾರಿಗೂ ಸಿಗಬಾರದ ಮಾತಿಗೂ, ಹುಡುಕಿದ ಕೂಡಲೇ ಸಿಗಲೆಂದು, ಐದು ವಿಷಯಪದ ಕೊಟ್ಟಿದ್ದಳು. ಇಂಥ ತಪ್ಪನ್ನು ಗ್ರಂಥಪಾಲಕಿ ಮಾತ್ರ ಮಾಡಬಲ್ಲಳು.

*

ಅವರಿಬ್ಬರ ಜಗಳ ಶುರುವಾದದ್ದೂ ವಿಷಯಪದದಿಂದಲೇ.

ಏಳು ತಿಂಗಳ ಹಿಂದೆ, ಅದೇ ತರಬೇತಿಯಲ್ಲಿ, ಸಂಶಿಯ ಗ್ರಾಮ ಪಂಚಾಯತಿ ವಾಚನಾಲಯ ನೋಡಿಕೊಳ್ಳುವ ಮಹಾನಂದಾ ಎದ್ದು ನಿಂತು ಕೇಳಿದ್ದಳು. "ಇದಕ್ಕ ವಿಷಯಪದ ಯಾರ್ ಕೊಡ್ತಾರ್ರಿ?"

"ಯಾರೂ ಕೊಡಬೇಕಾಗಿಲ್ರಿ. ಯಂತ್ರನ ಎಲ್ಲಾ ಪದ ಹುಡಕತೈತಿ."

"ಹಂಗಾರ ಬೇಕಾದ್ದು ಯಾರಿಗೂ ಸಿಗಂಗಿಲ್ಲ ಬಿಡ್ರಿ."

ಸಭೆ ನಕ್ಕಿತು. ಅವನ ಕಿವಿ ಕೆಂಪಾದದ್ದನ್ನು ಅವಳು ಮೂರನೆಯ ಸಾಲಿನಿಂದಲೂ ಕಂಡಳು. ಕಾಣುವುದು ಅವಳ ಚಾಳಿ. ಎದುರಿನವರ ಕೈ, ಕಣ್ಣು, ಅವರು ಅರ್ಧಕ್ಕೆ ಬಿಟ್ಟ ಮಾತು, ಯಾವುದೂ ತಪ್ಪುತ್ತಿರಲಿಲ್ಲ. ಕಂಡದ್ದಕ್ಕೆಲ್ಲ ಹೆದರುವುದೂ ಅವಳ ಚಾಳಿಯೇ.

ಮುಂದಿನ ಎರಡನೆಯ ಶನಿವಾರ ಅವನು ಅಣ್ಣಿಗೇರಿಯಿಂದ ಬೈಕಿನಲ್ಲಿ ಸಂಶಿಗೆ ಬಂದ. ಅವಳ ನಲವತ್ತು ಬರಹಗಳ ಪಟ್ಟಿ ಮುದ್ರಿಸಿ ತಂದಿದ್ದ. "ಮೂವತ್ತೊಂದು ನನ್ನ ಯಂತ್ರ ಹುಡುಕೈತ್ರಿ."

"ಉಳದ ಒಂಬತ್ತು?"

"ಅದನ್ನ ಕೇಳಾಕ ಬಂದೀನಿ."

ಅವಳು ಒಂಬತ್ತನ್ನೂ ಬೆರಳಿಟ್ಟು ತೋರಿಸಿದಳು. ಸೋತವನು ಅಷ್ಟು ಖುಷಿಯಾಗಿ ನಗುವುದನ್ನು ಅವಳು ಮೊದಲ ಸಲ ನೋಡಿದ್ದು ಆವತ್ತು. ಮುಂದೆ ಪ್ರತಿ ಎರಡನೆಯ ಶನಿವಾರ ಅವನಿಗೆ ಸಂಶಿಯಲ್ಲಿ ಏನಾದರೊಂದು ಕೆಲಸ ಬಿದ್ದೇ ಬೀಳುತ್ತಿತ್ತು. ಕೇಬಲ್ ಸಡಿಲಾಗಿರುತ್ತಿತ್ತು. ಇಲ್ಲದಿದ್ದರೆ ಅವಳೇ ಸಡಿಲು ಮಾಡಿಡುತ್ತಿದ್ದಳು. ಆದರೆ ಅವನು ಕೇಬಲಿನ ಮಾತು ಬಿಟ್ಟು ಬೇರೆ ಮಾತಿಗೆ ಬಂದವನಲ್ಲ, ಅವಳು ಬರಲು ಬಿಟ್ಟವಳಲ್ಲ. ಏಳು ತಿಂಗಳು ಹೀಗೆಯೇ. ಅದನ್ನು ನೆನೆದರೆ ಅವಳಿಗೆ ಅವನ ಮೇಲೆ, ತನ್ನ ಮೇಲೆ, ಆ ಕೇಬಲಿನ ಮೇಲೆ ಒಟ್ಟಿಗೇ ಸಿಟ್ಟು ಬರುತ್ತಿತ್ತು.

ಒಂದು ಸಲ ಮನೆಯ ಕಂಪ್ಯೂಟರ್ ಕೆಟ್ಟಿತೆಂದು ಅಣ್ಣ ಹೇಮಂತನೇ ಅವನನ್ನು ಮನೆಗೆ ಕರೆತಂದಿದ್ದ. ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ. ಅವನಿಗೆ ಮಾತ್ರ ಪೇಪರ್ ಕಪ್ಪಿನಲ್ಲಿ. ದಿನಾ ಬೆಳಿಗ್ಗೆ ವಚನ ಹೇಳಿ ಇಷ್ಟಲಿಂಗ ಪೂಜೆ ಮಾಡುವ ಅವ್ವ, ಕುಬಿಹಾಳದ ಉಡಚಪ್ಪನ ಮಗ ಎಂದು ಕೇಳಿದ ಕೂಡಲೇ, ಯಾವ ಕೇರಿಯವನೆಂದು ತಿಳಿದು, ಆ ಕಪ್ಪನ್ನು ಅಟ್ಟದ ಮೇಲಿಂದ ಹುಡುಕಿ ತೆಗೆದಿದ್ದಳು. "ಪೇಪರ್ ಕಪ್ ಛಲೋ, ತೊಳಿಯೂದು ಇರಂಗಿಲ್ಲ," ಎಂದಿದ್ದಳು. ಅವನು ನಕ್ಕು ಕುಡಿದಿದ್ದ. ಅವನು ಗಮನಿಸಲಿಲ್ಲ ಎಂದು ಮಹಾನಂದಾ ತನಗೆ ತಾನೇ ಹೇಳಿಕೊಂಡಿದ್ದಳು.

ಈಗಿನ ಭಯ ತನಗಾಗಿ ಅಲ್ಲ, ಅವನಿಗಾಗಿ. ಅಣ್ಣಿಗೇರಿಯ ಖಾಸಗಿ ಕಾಲೇಜಿನಲ್ಲಿ ಅವನು ಮೂರು ವರ್ಷದಿಂದ ತಾತ್ಕಾಲಿಕ ಗ್ರಂಥಪಾಲಕ. ಬರುವ ಬುಧವಾರ ಕಾಯಂ ಹುದ್ದೆಗೆ ಸಂದರ್ಶನ. ಆಡಳಿತ ಮಂಡಳಿಯಲ್ಲಿ ಅರ್ಧಕ್ಕರ್ಧ ಜನ ಅವಳ ಮನೆತನದ ಪರಿಚಯದವರು, ಬೀಗರು. ದಿನಾ ಮಧ್ಯಾಹ್ನ ಎರಡಕ್ಕೆ ಜೋಳಿಗೆ ಆ ದಿನದ ಹೊಸ ಬರಹಗಳ ಪಟ್ಟಿಯನ್ನು ಇನ್ನೂರು ಜನಕ್ಕೂ ಕಳಿಸುತ್ತದೆ. ಅದನ್ನು ಅಕ್ಷರ ಬಿಡದೆ ಓದುವವರು ಕುಂದಗೋಳದ ಹೈಸ್ಕೂಲು ಗ್ರಂಥಪಾಲಕ ಸುಭಾಸ ಸರ್. ಹೇಮಂತನ ಜೀವದ ಗೆಳೆಯ. ಸಂಶಿ ಪೇಟೆಯ ಹೇಮಂತನ ಗೊಬ್ಬರದಂಗಡಿಯಲ್ಲಿ ಸಂಜೆ ಚಹಾ ಕುಡಿಯುತ್ತ ಊರ ಸುದ್ದಿಯನ್ನೆಲ್ಲ ಬಿಚ್ಚುವವರು. ಅವರ ಬಾಯಿಗೆ ಬಿದ್ದರೆ ಬುಧವಾರದೊಳಗೆ ಅಣ್ಣಿಗೇರಿ ಮುಟ್ಟುತ್ತದೆ.

ನಾಳೆ ಸೋಮವಾರ, ವಾಚನಾಲಯಕ್ಕೆ ರಜೆ. ಮಧ್ಯಾಹ್ನ ಎರಡರೊಳಗೆ ಅದನ್ನು ತೆಗೆಸಬೇಕು. ಅವನು ಓದದ ಹಾಗೆ.

*

ಬಸ್ಸುಗಳು ಅವಳ ಮಾತು ಕೇಳಲಿಲ್ಲ. ಸಂಶಿಯ ಬಸ್ಸು ಮುಕ್ಕಾಲು ಗಂಟೆ ತಡ. ಹುಬ್ಬಳ್ಳಿಯಲ್ಲಿ ಗದಗಿನ ಬಸ್ಸು ಹತ್ತಿದರೆ ಕಂಡಕ್ಟರ್ ಚಿಲ್ಲರೆಗೆ ಜಗಳ ತೆಗೆದು ನಿಂತ. ಅಣ್ಣಿಗೇರಿಯ ಕಾಲೇಜು ಮುಟ್ಟಿದಾಗ ಹನ್ನೆರಡೂ ಕಾಲು.

ಗ್ರಂಥಾಲಯದ ಬಾಗಿಲಲ್ಲಿ ಅಟೆಂಡರ್ ಬಾಬಾಸಾಬ ಸ್ಟೂಲಿನ ಮೇಲೆ ಕೂತು ಕಡಲೆ ಗಿಡದಿಂದ ಕಾಯಿ ಬಿಡಿಸುತ್ತಿದ್ದ. ನಿವೃತ್ತಿಗೆ ಎರಡು ವರ್ಷ ಉಳಿದ ಮನುಷ್ಯ, ಯಾವುದಕ್ಕೂ ಅವಸರವಿಲ್ಲ.

"ಹುಲಿಗೇಶ ಸರ್ ಅದಾರೇನ್ರಿ?"

"ಅದಾರ್ರಿ. ಆದ್ರ ಇಲ್ರಿ."

"ಅಂದ್ರ?"

"ಪರೀಕ್ಷಾ ಡ್ಯೂಟಿ ಮ್ಯಾಲ ಅದಾರ. ಒಂದಕ್ಕ ಬರ್ತಾರ. ಕುಂದರ್ರಿ. ಕಡ್ಲಿ ತಿಂತೀರೇನು?"

"ಸ್ವಲ್ಪ ಅರ್ಜೆಂಟ್ ಐತ್ರಿ. ಕರದ್ರ ಬರಂಗಿಲ್ಲೇನು?"

"ನಕಲು ಹೊಡಿಯೋ ಹುಡುಗರಿಗೆ ನಿಮಗಿಂತ ಅರ್ಜೆಂಟ್ ಇರತೈತಿ ತಂಗಿ. ಬಿಟ್ ಬಂದ್ರ ಪ್ರಿನ್ಸಿಪಾಲರು ಬೈತಾರ."

ಅವಳು ಒಳಗೆ ಕೂತಳು. ಅವನ ಮೇಜಿನ ಕೆಳಗೆ, ಕಾಲೇಜು ಬೇಡವೆಂದು ಎಸೆದಿದ್ದ ಹಳೆಯ ಕಂಪ್ಯೂಟರ್ ಇತ್ತು. ಅವನು ಎತ್ತಿಟ್ಟುಕೊಂಡು ರಿಪೇರಿ ಮಾಡಿದ್ದು ಅದನ್ನೇ. ಜೋಳಿಗೆ ಎಂದರೆ ಅದು. ಅದರ ಹಸಿರು ದೀಪ ಮಿಣುಕುತ್ತಿತ್ತು. ಅವಳ ಮಾತು ಅದರೊಳಗಿತ್ತು, ಒಂದು ಮಾರು ದೂರದಲ್ಲಿ. ಪಾಸ್‌ವರ್ಡ್ ಗೊತ್ತಿಲ್ಲದ ಅವಳು ಆ ದೀಪವನ್ನೇ ನೋಡುತ್ತ ಮುಕ್ಕಾಲು ತಾಸು ಕೂತಳು. ವೈರು ಕಿತ್ತೆಸೆದರೆ ಹೇಗೆ ಎಂದು ಎರಡು ಸಲ ಯೋಚಿಸಿದಳು. ಎರಡನೆಯ ಸಲ ಕಾಲು ಮುಂದೆ ಚಾಚಿಯೂ ಆಗಿತ್ತು.

ಒಂದು ಗಂಟೆಗೆ ಹುಲಿಗೇಶ ಬಂದ. ಅಂಗಿಯ ತೋಳು ಮಡಚಿತ್ತು, ಬೆರಳಿಗೆಲ್ಲ ಮಸಿ. ಅವಳನ್ನು ನೋಡಿ ಬಾಗಿಲಲ್ಲೇ ನಿಂತ. ಬೆರಗಾಗಲಿಲ್ಲ. ಅದನ್ನು ಅವಳು ಗಮನಿಸಿದಳು, ಆದರೆ ಏನೆಂದು ತಿಳಿಯಲಿಲ್ಲ.

"ಬರ್ರಿ ಮೇಡಂ. ಯಾವಾಗ ಬಂದ್ರಿ?"

"ಜೋಳಿಗಿಯಿಂದ ಒಂದು ಬರಹ ತಗೀಬೇಕ್ರಿ. ನಂದು. ಈಗಲೇ."

"ಯಾವುದು?"

"ಅದನ್ನ ಹೇಳಾಕ ಬರಂಗಿಲ್ಲ."

ಅವನು ಕರವಸ್ತ್ರ ತೆಗೆದು ಬೆರಳು ಒರೆಸಿಕೊಳ್ಳತೊಡಗಿದ, ಒಂದೊಂದೇ ಬೆರಳು, ನಿಧಾನ. "ಯಾವುದಂತ ಗೊತ್ತಾಗದ ಹೆಂಗ ತಗೀಲ್ರಿ?"

"ಹೆಂಗ ತಗಿಯೂದಂತ ನನಗ ಹೇಳಿಕೊಡ್ರಿ. ನಾನ ತಗೀತೀನಿ. ನೀವು ಆ ಕಡೆ ಮುಖ ಮಾಡಿ ನಿಲ್ರಿ."

"ಆ ಕಡೆ?"

"ಕಿಟಕಿ ಕಡೆ."

ಅವನ ತುಟಿಯ ಒಂದು ತುದಿ ಅಲುಗಿತು. ನಗು ಎನ್ನಲು ಸಾಲದು, ನಗು ಅಲ್ಲ ಎನ್ನಲೂ ಆಗದು. ಪಾಸ್‌ವರ್ಡ್ ಹಾಕಿಕೊಟ್ಟು ಕಿಟಕಿಯ ಬಳಿ ಹೋಗಿ ನಿಂತ. ಅವಳು ಕುರ್ಚಿ ಎಳೆದುಕೊಂಡಳು.

"ಈಗ ಕಪ್ಪು ಪರದಿ ಐತೇನ್ರಿ?"

"ಐತಿ."

"ಅದರಾಗ ಟೈಪ್ ಮಾಡ್ರಿ..."

ಫಟ್ ಎಂದು ಪರದೆ ಆರಿತು. ಫ್ಯಾನು ನಿಂತಿತು. ಹಸಿರು ದೀಪ ಹೋಯಿತು.

"ಕರೆಂಟ್ ಹೋತ್ರೀ," ಎಂದು ಹೊರಗಿನಿಂದ ಬಾಬಾಸಾಬ ಎಲ್ಲರಿಗೂ ತಿಳಿದದ್ದನ್ನು ಸಾರಿದ.

ಮಹಾನಂದಾ ಎರಡೂ ಕೈಯಿಂದ ಹಣೆ ಹಿಡಿದುಕೊಂಡಳು. "ಬ್ಯಾಟರಿ ಇಲ್ಲೇನ್ರಿ ಇದಕ್ಕ?"

"ಸತ್ತು ಮೂರು ತಿಂಗಳಾತ್ರಿ."

"ಬ್ಯಾಟರಿ ಇಲ್ಲ. ವಾಪಸ್ ತಗಿಯೋ ಗುಂಡಿ ಇಲ್ಲ. ಬಾಗಿಲಾ ಇಲ್ಲದ ಮನಿ ಕಟ್ಟಿ ಎಲ್ಲಾರನ್ನೂ ಒಳಗ ಕರದೀರಲ್ರಿ! ತಪ್ಪಿ ಬಂದೋರು ಹೊರಗ ಹೆಂಗ ಹೋಗಬೇಕು?"

"ಒಬ್ಬನ ಮಾಡಿದ್ದರಿ. ಡ್ಯೂಟಿ ಮುಗಿದ ಮ್ಯಾಲ ಕುಂತು. ಪುಗಸಟ್ಟೆ ಕೊಡೂದರಾಗ ಇಷ್ಟ ಆತು."

"ಪುಗಸಟ್ಟೆ ಅಂದ್ರ ಜವಾಬ್ದಾರಿ ಇಲ್ಲೇನು?"

ಅವನು ಇನ್ನೂ ಕಿಟಕಿಯ ಕಡೆಗೇ ಮುಖ ಮಾಡಿ ನಿಂತಿದ್ದ. ಕರೆಂಟು ಹೋದರೂ ತಿರುಗಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಆ ಬೆನ್ನು ನೋಡಿ ಅವಳಿಗೆ ಸಿಟ್ಟು ಇನ್ನೂ ಹೆಚ್ಚಾಯಿತು. ತಾನು ಹೀಗೆ ಬೇಯುತ್ತಿರುವಾಗ ಇಷ್ಟು ಸಮಾಧಾನ ಎಲ್ಲಿಂದ ಇವನಿಗೆ?

"ಎರಡಕ್ಕ ಪಟ್ಟಿ ಹೋಗತೈತಿ. ಕರೆಂಟ್ ಬಂದ ಕೂಡಲೇ ಅದ ಮೊದಲ ಹೋದ್ರ?"

"ಹೋಗಂಗಿಲ್ರಿ."

"ಹೆಂಗ ಹೇಳ್ತೀರಿ?"

"ನಾನ ಕಟ್ಟೀನಲ್ರಿ ಅದನ್ನ," ಎಂದ, ಕಿಟಕಿಗೆ.

ಗೋಡೆಯ ಗಡಿಯಾರ ಒಂದೂವರೆ ತೋರಿಸಿತು. ಒಂದೂ ಮೂವತ್ತೆಂಟು. ಒಂದೂ ನಲವತ್ತೆರಡಕ್ಕೆ ಫ್ಯಾನು ಗಕ್ಕನೆ ತಿರುಗಿತು. ಹಳೆಯ ಕಂಪ್ಯೂಟರು ಏಳಲು ಐದು ನಿಮಿಷ ತೆಗೆದುಕೊಂಡಿತು, ಮುದುಕರು ನಿದ್ದೆಯಿಂದ ಎದ್ದ ಹಾಗೆ ಕೆಮ್ಮುತ್ತ, ಗೊಣಗುತ್ತ.

ಅವನು ಬೆನ್ನು ತಿರುಗಿಸಿಯೇ ಒಂದೊಂದು ಸಾಲು ಹೇಳಿದ. ಅವಳು ಎರಡು ಸಲ ತಪ್ಪಿದಳು. ಮೂರನೆಯ ಸಲ ಪುಟ ತೆರೆಯಿತು.

"ಮ್ಯಾಲ ಹುಡುಕಾಟದ ದಾಖಲೆ ಬರತೈತ್ರಿ. ಯಾರ್ ಏನ್ ಹುಡುಕಿದ್ರು ಅಂತ. ಅದನ್ನ ನೋಡಬ್ಯಾಡ್ರಿ, ಸೀದಾ ಕೆಳಗ ಹೋಗ್ರಿ." ಅವನ ದನಿಯಲ್ಲಿ ಮೊದಲ ಸಲ ಅವಸರವಿತ್ತು.

ನೋಡಬೇಡಿ ಎಂದರೆ ನೋಡದೆ ಇರುವ ಹೆಣ್ಣಲ್ಲ ಅವಳು.

'ಬೆಳಿಗ್ಗೆ 9.40. ಹುಡುಕಿದ ಪದ: ಮಹಾನಂದಾ. ಇದೇ ಯಂತ್ರ.' ಶುಕ್ರವಾರ, 9.40: ಮಹಾನಂದಾ. ಗುರುವಾರ, 9.41: ಮಹಾನಂದಾ. ಅವಳು ಕೆಳಗೆ ಎಳೆದಳು. ಬೇರೆಯವರು ಹುಡುಕಿದ ಪದಗಳ ನಡುನಡುವೆ ಅದೊಂದೇ ಅವಳ ಕಣ್ಣಿಗೆ ಬೀಳುತ್ತಿತ್ತು. ಡಿಸೆಂಬರ್, ನವೆಂಬರ್, ಅಕ್ಟೋಬರ್, ಹಾಗೇ ಜೂನ್‌ವರೆಗೂ. ದಸರೆಯ ರಜೆಯಲ್ಲಿ ಇಲ್ಲ. ರಜೆ ಮುಗಿದ ಮರುದಿನ, 9.38ಕ್ಕೆ, ಎರಡು ನಿಮಿಷ ಮುಂಚೆ.

ಅವಳು ಪರದೆಯಿಂದ ಕಣ್ಣು ತೆಗೆದು ಅವನ ಬೆನ್ನು ನೋಡಿದಳು.

"ಸರ್."

"ಹೂಂನ್ರಿ."

"ದಿನಾ ಮುಂಜಾನಿ ನನ್ನ ಹೆಸರು ಯಾರ್ ಹುಡುಕೂದು?"

ಕಿಟಕಿಯ ಬಳಿಯ ಕಿವಿಗಳು ಕೆಂಪಾದವು. "ಟೆಸ್ಟಿಂಗ್‌ರಿ."

"ಏಳು ತಿಂಗಳ ಟೆಸ್ಟಿಂಗು?"

"ನಿಮ್ಮ ಫೀಡ್ ಬರಾಕತ್ತೈತೋ ಇಲ್ಲೋ ಅಂತ..."

"ಇನ್ನೂರು ಫೀಡಿನ್ಯಾಗ ನಂದೊಂದ?"

ಅವಳು ಮತ್ತೆ ಮೇಲಿನ ಸಾಲು ನೋಡಿದಳು. ಇಂದು, 9.40. ಇಂದು ಆ ಹೆಸರು ಹುಡುಕಿದರೆ ಮೊದಲಿಗೆ ಏನು ಬರುತ್ತದೆ?

"ನೀವು ಓದೀರಿ."

"ಓದೀನ್ರಿ."

"ಹಂಗಾರ ಇಷ್ಟೊತ್ತು ಯಾಕ ಕಿಟಕಿಗೆ ಮುಖ ಮಾಡಿ ನಿಂತೀರಿ?"

"ಓದಬಾರದು ಅಂತ ನಿಮ್ಮ ಮನಸ್ಸಿನ್ಯಾಗಿತ್ತು. ಅದಕ್ಕ ಎರಡನೇ ಸಲ ಓದಲಿಲ್ಲ."

ಅಳು, ನಗು ಎರಡೂ ಒಟ್ಟಿಗೆ ಬಂದವು. ಗೆದ್ದದ್ದು ಸಿಟ್ಟು. "ಬಂದ ಕೂಡಲೇ ಹೇಳಬೇಕಿತ್ತಲ್ರಿ! ಮುಂಜಾನಿನ ತಗದು ಒಗಿಬೇಕಿತ್ತು!"

"ತಗದ್ರ ನಾ ಓದೀನಂತ ನಿಮಗ ಗೊತ್ತಾಗತಿತ್ತು. ನಾಚಿಕಿ ಆಗಿ ನೀವು ಮತ್ತ ಮಾತಾಡ್ತಿದ್ದಿಲ್ಲ." ಅವನು ಕಿಟಕಿಯ ಸರಳು ಹಿಡಿದುಕೊಂಡ. "ಮತ್ತ... ಕೈ ಬರಲಿಲ್ರಿ. ನನ್ನ ಮ್ಯಾಲ ಯಾರೂ ಏನೂ ಬರದಿಲ್ಲ. ಇವತ್ತಿನ ಪಟ್ಟಿ ಮಾತ್ರ ನಿಲ್ಲಿಸೀನಿ. ಒಂಬತ್ತೂ ನಲವತ್ತೈದಕ್ಕ ನಿಲ್ಲಿಸಿದೆ."

ಏಳು ತಿಂಗಳಲ್ಲಿ ಒಂದು ದಿನವೂ ತಪ್ಪದ ಪಟ್ಟಿ. ಅವನ ಅಪ್ಪ ಆಸ್ಪತ್ರೆಯಲ್ಲಿದ್ದ ದಿನವೂ ಸರಿಯಾಗಿ ಎರಡಕ್ಕೆ ಬಂದಿತ್ತು.

"ಇತ್ತಾಗ ತಿರುಗ್ರಿ," ಎಂದಳು.

ಅವನು ತಿರುಗಿದ. ಅಂಗಿಯ ಜೇಬಿನಲ್ಲಿ ಅವಳ ಪೆನ್ನು ಇತ್ತು. ಅವಳ ಕಣ್ಣು ಅಲ್ಲಿಗೆ ಹೋದದ್ದನ್ನು ಕಂಡು ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡ.

"ಕೊಡ್ರಿ ಅದನ್ನ."

"ಕೊಡಂಗಿಲ್ಲ. ಕೇಳಲಿಲ್ಲ ಅಂತ ಬರದೀರಿ."

ಅವಳು ಮುಖ ಮುಚ್ಚಿಕೊಂಡಳು. ಬೆರಳುಗಳ ಸಂದಿನಿಂದ ಹೇಳಿದಳು: "ನಮ್ಮ ಮನ್ಯಾಗ ಗೊತ್ತಾದ್ರ ನಿಮ್ಮ ಬುಧವಾರ ಉಳಿಯಂಗಿಲ್ಲ. ನಿಮಗ ನಮ್ಮ ಮನಿ ಗೊತ್ತಿಲ್ಲ."

"ಗೊತ್ತೈತ್ರಿ. ನಿಮ್ಮ ಮನ್ಯಾಗ ಚಹಾ ಕುಡದೀನಲ್ಲ." ಅವನು ಮೆಲ್ಲಗೆ ಹೇಳಿದ. "ಪೇಪರ್ ಕಪ್ಪಿನ್ಯಾಗ."

ಗಮನಿಸಿದ್ದ. ಅಷ್ಟೂ ದಿನ ಗೊತ್ತಿದ್ದೂ, ಎರಡನೆಯ ಶನಿವಾರಗಳಲ್ಲಿ ನಗುತ್ತ ಬಂದಿದ್ದ. ಅವಳ ಕೈಗಳು ಕೆಳಗಿಳಿದವು. ಕ್ಷಮೆ ಕೇಳಬೇಕೆನಿಸಿತು, ಆದರೆ ಕ್ಷಮೆ ಎಂಬ ಪದ ಆ ಕಪ್ಪಿಗಿಂತಲೂ ತೆಳ್ಳಗಿತ್ತು.

"ಅವತ್ತ ನಾ ಎದ್ದು ನಿಮಗೊಂದು ಲೋಟ ತಂದು ಕೊಡಬೇಕಿತ್ತು," ಎಂದಳು. "ಕೊಡಲಿಲ್ಲ. ಹೆದರಿದೆ."

"ಅದನ್ನೂ ಎಲ್ಲೆರ ಬರದಿಟ್ಟೀರೇನು?"

"ಹದಿನಾಲ್ಕನೇ ಕರಡಿನ್ಯಾಗ."

ಅವನು ಅವಳನ್ನು ನೋಡಿದ. ಕೇಬಲು, ಸ್ವಿಚ್ಚು, ಪರದೆ ಯಾವುದೂ ನಡುವೆ ಇಲ್ಲದೆ ಅವನು ನೋಡಿದ್ದು ಅದೇ ಮೊದಲು. ಅವನ ಎಡಗಣ್ಣಿನ ಕೆಳಗೆ ಸಣ್ಣದೊಂದು ಮಚ್ಚೆ ಇತ್ತು. ಏಳು ತಿಂಗಳಲ್ಲಿ ಅದೊಂದನ್ನು ಅವಳು ಕಂಡಿರಲಿಲ್ಲ.

"ತಗೀರಿ," ಎಂದ. "ಬುಧವಾರ ಆಗೂತನಕ ಅದು ಅಲ್ಲಿ ಇರೂದು ಬ್ಯಾಡ. ನನಗ ನೌಕರಿ ಸಿಗಲಿ. ಆಮ್ಯಾಲ ನಾನ ನಿಮ್ಮ ಮನಿಗೆ ಬರ್ತೀನಿ. ಕಂಪ್ಯೂಟರ್ ರಿಪೇರಿಗಲ್ಲ."

"ಬಂದು?"

"ಲೋಟದಾಗ ಚಹಾ ಕೊಡ್ರಿ ಅಂತ ಕೇಳ್ತೀನಿ. ನಿಮ್ಮನ್ನೂ."

ಅವಳು ಪರದೆಯ ಕಡೆ ತಿರುಗಿದಳು. 'ಒಂದು ಬರಹ ತೆಗೆಯಲಾಗುವುದು. ಹೌದು ಅಥವಾ ಇಲ್ಲ?' ಹೌದು ಒತ್ತಿದಳು. ಹತ್ತು ಸಾಲು, ಐದು ವಿಷಯಪದ, ಒಂದು ರಾತ್ರಿಯ ನಡುಕ, ಎಲ್ಲ ಅರ್ಧ ಕ್ಷಣದಲ್ಲಿ ಹೋಯಿತು. ಹೋದದ್ದಕ್ಕೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

"ಈಗ ಬಾಯಿಂದ ಹೇಳ್ರಿ," ಎಂದ ಅವನು. "ಅಲ್ಲಿಂದ ತಗದ್ರಲ್ಲ."

"ಏನು?"

"ಕರೀಬೇಕು ಅಂತ ಬರದಿದ್ರಿ."

ಕೋಣೆಯಲ್ಲಿ ಯಾರೂ ಇರಲಿಲ್ಲ. ಅವಳು ಬಾಗಿಲು ನೋಡಿದಳು, ಕಿಟಕಿ ನೋಡಿದಳು, ಸೆರಗು ಸರಿಮಾಡಿಕೊಂಡಳು. ಆಮೇಲೆ ಸರ್ ಇಲ್ಲದೆ, ರಿ ಇಲ್ಲದೆ, ಜೋರಾಗಿ ಕರೆದಳು.

"ಹುಲಿಗೇಶ!"

"ಏನ್ರೀ, ಯಾಕ್ರೀ, ಏನಾತ್ರೀ?" ಬಾಬಾಸಾಬ ಕಡಲೆ ಗಿಡ ಹಿಡಿದುಕೊಂಡೇ ಓಡಿ ಬಂದ. ಇಬ್ಬರ ಮುಖವನ್ನೂ ನೋಡಿದ. "ಹುಡುಗರಿಗೆ ಲೈಬ್ರರಿಯಾಗ ಗದ್ದಲ ಮಾಡಬ್ಯಾಡ್ರಿ ಅಂತ ನೀವ ಹೇಳ್ತೀರಿ. ನೀವ ಹಿಂಗ ಮಾಡಿದ್ರ ನಾ ಯಾರಿಗೆ ಹೇಳ್ಲಿ?"

*

ನಾಲ್ಕು ಗಂಟೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಎರಡೂ ಕಡೆ ಎರೆ ಹೊಲಗಳಲ್ಲಿ ಕುಸುಬೆ ಹೂಬಿಟ್ಟಿತ್ತು. ನಲವಡಿ ದಾಟುವಾಗ ಫೋನು ಬಂತು. ಸುಭಾಸ ಸರ್.

"ಮಹಾನಂದಾ, ಎಲ್ಲಿದ್ದಿ?"

"ಬಸ್ಸಿನ್ಯಾಗದೀನ್ರಿ."

"ಅಣ್ಣಿಗೇರಿ ಬಸ್ಸೇನು?"

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಇವತ್ತ ಜೋಳಿಗಿ ಪಟ್ಟಿ ಬಂದಿಲ್ಲ ನೋಡು. ಛಲೋ ಆತು. ಮುಂಜಾನಿ ಆರಕ್ಕ ಜೋಳಿಗಿ ಮ್ಯಾಲಿನ ನನ್ನ ಪಿಎಚ್‌ಡಿ ನಾಲ್ಕನೇ ಅಧ್ಯಾಯಕ್ಕಂತ 'ಫೀಡ್ ಶೋಧ' ಅಂತ ಹುಡುಕಿದೆ. ಮೊದಲನೇದ್ದ ನಿಂದ ಬಂತು. ವಿಷಯಪದ ಅಷ್ಟ ಚಂದಂಗ ಕೊಟ್ರ ಬರದ ಏನ್ ಮಾಡತೈತಿ?"

ಕುಸುಬೆ ಹೊಲ ಕಣ್ಣ ಮುಂದೆ ಕದಡಿತು. ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು. "ಸರ್, ಅಣ್ಣಗ..."

"ತಡಿ, ಕೇಳಿಲ್ಲಿ. ನನ್ನ ಬಾಯಿ ಹೆಂತಾದ್ದಂತ ನಿನಗ ಗೊತ್ತೈತಿ. ನನಗೂ ಗೊತ್ತೈತಿ. ಆದ್ರ ಬುಧವಾರ ಅವನ ಸಂದರ್ಶನ ಕೆಟ್ಟು ಅವ ಹೊರಗ ಬಿದ್ರ ಆ ಕಂಪ್ಯೂಟರ್ ಬಂದ್ ಆಗತೈತಿ. ಅದು ಬಂದ್ ಆದ್ರ ನನ್ನ ಪಿಎಚ್‌ಡಿ ಬಂದ್. ಮಾರ್ಚಿನ್ಯಾಗ ಪ್ರಬಂಧ ಕೊಡೂದೈತಿ. ಅಲ್ಲೀತನಕ ನಾ ಏನೂ ಓದಿಲ್ಲ, ತಿಳೀತಿಲ್ಲೋ?"

"ಮಾರ್ಚ್ ಆದ ಮ್ಯಾಲ್ರಿ?"

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. "ಮಾರ್ಚ್ ಆದ ಮ್ಯಾಲ ವೈವಾ ಇರತೈತಿ ತಂಗಿ. ವೈವಾ ಯಾವಾಗಂತ ಯುನಿವರ್ಸಿಟಿಯವರಿಗೇ ಗೊತ್ತಿರಂಗಿಲ್ಲ." ಫೋನು ಇಟ್ಟುಬಿಟ್ಟರು.

ಅದು ದಯೆಯೋ ಬೆದರಿಕೆಯೋ ಅವಳಿಗೆ ತಿಳಿಯಲಿಲ್ಲ. ಸುಭಾಸ ಸರ್‌ಗೂ ತಿಳಿದಿರಲಿಕ್ಕಿಲ್ಲ.

ಹುಬ್ಬಳ್ಳಿ ಹತ್ತಿರವಾದಾಗ ಹುಲಿಗೇಶನ ಮೆಸೇಜು ಬಂತು. 'ದಾಖಲೆ ಪೂರಾ ನೋಡಿದೆ. ನಿಮ್ಮ ಹೆಸರು ನಾ ಬಿಟ್ರ ಯಾರೂ ಹುಡುಕಿಲ್ಲ, ಓದಿಲ್ಲ ಅನಸ್ತೈತಿ. ಇನ್ನ ನಿಶ್ಚಿಂತಿ ಇರ್ರಿ.'

'ಸುಭಾಸ ಸರ್' ಎಂದು ಟೈಪು ಮಾಡಿದಳು. ನಿಲ್ಲಿಸಿದಳು.

ಅವನನ್ನು ಅವಳು ಬಲ್ಲಳು. ತಿಳಿದರೆ ನಾಳೆಯೇ ಬೈಕು ಹತ್ತಿ ಕುಂದಗೋಳಕ್ಕೆ ಹೋಗುತ್ತಾನೆ, ಹೌದ್ರಿ ನಿಜ ಎನ್ನುತ್ತಾನೆ. ಅಥವಾ ಬುಧವಾರ, ಮಂಡಳಿಯ ಎದುರಿನ ಕುರ್ಚಿಯಲ್ಲಿ ಕೂತು, ಯಾರಾದರೂ ಸುಮ್ಮನೆ ಮುಗುಳ್ನಕ್ಕರೂ ಅವರಿಗೆಲ್ಲ ಗೊತ್ತಾಗಿದೆ ಎಂದು ಕಿವಿ ಕೆಂಪು ಮಾಡಿಕೊಂಡು, ಬರುವ ಉತ್ತರವನ್ನೂ ಮರೆಯುತ್ತಾನೆ. ಹೆದರುವುದು ಅವನಿಗೆ ರೂಢಿಯಿಲ್ಲ. ಅವಳಿಗೆ ಇದೆ. ಎರಡು ದಿನ ಅವನ ಪಾಲಿನದನ್ನೂ ಅವಳೇ ಹೆದರಬಲ್ಲಳು.

ಒಬ್ಬರನ್ನೊಬ್ಬರು ಒಪ್ಪಿಕೊಂಡು ಮೂರು ತಾಸಾಗಿರಲಿಲ್ಲ, ಆಗಲೇ ಅವನಿಂದ ಮುಚ್ಚಿಡುವ ಮಾತು ಒಂದು. ಅದಕ್ಕೂ ಅವಳಿಗೆ ಸಿಟ್ಟು ಬಂತು. ಬರೆದ ಎರಡು ಪದ ಅಳಿಸಿ, ಬೇರೆ ಬರೆದಳು.

'ಹೌದು. ಯಾರೂ ಓದಿಲ್ಲ. ಬುಧವಾರಕ್ಕ ಓದ್ಕೋ.'

ಕಳಿಸುವ ಮೊದಲು ಕೊನೆಯ ಪದಕ್ಕೆ 'ರಿ' ಸೇರಿಸಲೇ ಎಂದು ನೋಡಿದಳು. ಸೇರಿಸಲಿಲ್ಲ.

ಹುಬ್ಬಳ್ಳಿ ನಿಲ್ದಾಣದಲ್ಲಿ ಇಳಿದಾಗ ಹೇಮಂತನ ಫೋನು. "ಎಲ್ಲಿ ಹೋಗಿದ್ದಿ ಬೇ ಮುಂಜಾನಿಂದ? ಅವ್ವ ಕೇಳಾಕತ್ತಾಳ."

"ವಾಚನಾಲಯದ ಕೆಲಸ ಇತ್ತು," ಎಂದಳು ಮಹಾನಂದಾ. "ಒಂದು ಬರಹ ತಪ್ಪಿ ಹೋಗಿತ್ತು. ಸರಿ ಮಾಡಿ ಬಂದೆ."

"ಏನ್ ಬರಹ?"

"ಏನಿಲ್ಲ ಬಿಡು."

ಅಣ್ಣನಿಗಿಲ್ಲ, ಅವ್ವನಿಗಿಲ್ಲ, ಬುಧವಾರ ಕಳೆಯುವವರೆಗೆ ಹುಲಿಗೇಶನಿಗೂ ಇಲ್ಲ. ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದುಕೊಂಡು, ಅವಳು ಸಂಶಿಯ ಬಸ್ಸಿಗೆ ಜನ ನಿಂತ ಕಡೆ ನಡೆದಳು.